ಕೆಜಿಎಫ್: ಬಂಗಲೆಗಳ ಊರು, ಲೈನುಗಳ ಊರು

ಬೆಂಗಳೂರಿನ ಲ್ಯಾವೆಲ್ಲೆ ರೋಡಿನಲ್ಲಿ ಒಂದು ಕಪ್ ಕಾಫಿಗೆ ಮುನ್ನೂರು ರೂಪಾಯಿ ಕೊಟ್ಟು ಕುಡಿದವರು ನಿಮ್ಮಲ್ಲಿ ಬಹಳ ಜನ ಇರ್ತೀರಿ. ಆ ರೋಡಿಗೆ ಹೆಸರು ಕೊಟ್ಟ ಮನುಷ್ಯ ಯಾರು ಅಂತ ಯೋಚನೆ ಮಾಡಿದವರು ಕಡಿಮೆ. ಮೈಕೆಲ್ ಫಿಟ್ಜೆರಾಲ್ಡ್ ಲ್ಯಾವೆಲ್ಲೆ ಅಂತ ಅವನ ಹೆಸರು. ಐರ್ಲೆಂಡಿನವನು. ಬ್ರಿಟಿಷ್ ಸೈನ್ಯದಲ್ಲಿದ್ದು, ನ್ಯೂಜಿಲೆಂಡಿನಲ್ಲಿ ಮಾವೋರಿಗಳ ಮೇಲಿನ ಯುದ್ಧ ಮುಗಿಸಿ ಬಂದು, ಬೆಂಗಳೂರಿನ ಕಂಟೋನ್ಮೆಂಟಿನಲ್ಲಿ ನೆಲೆಸಿದ್ದ. ಕೈಯಲ್ಲಿ ಬೇಕಾದಷ್ಟು ಸಮಯ, ತಲೆಯಲ್ಲಿ ಚಿನ್ನದ ಗುಂಗು. 1802ರಲ್ಲಿ ಸರ್ವೆಗೆ ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರನ್ ಅನ್ನುವವನು, ಉರಿಗಾಂ, ಮಾರಿಕುಪ್ಪಂ ಕಡೆಯ ಹಳ್ಳಿಯವರು ಮಣ್ಣು ತೊಳೆದು ಚಿನ್ನದ ಪುಡಿ ತೆಗೀತಾರೆ ಅಂತ ಬರೆದಿಟ್ಟಿದ್ದ. ಅದನ್ನು ಓದಿಕೊಂಡು ಲ್ಯಾವೆಲ್ಲೆ ಮೈಸೂರು ಸರ್ಕಾರದ ಬಾಗಿಲು ತಟ್ಟಿದ. 1875ರಲ್ಲಿ ಅಗೆಯೋಕೆ ಅನುಮತಿ ಸಿಕ್ಕಿತು. ಆದರೆ ಅವನ ಹತ್ತಿರ ದುಡ್ಡು ಇರಲಿಲ್ಲ. ಹಕ್ಕು ಕೈಯಿಂದ ಕೈಗೆ ಹೋಗಿ, 1880ರ ಹೊತ್ತಿಗೆ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. ಮುಂದಿನ ಕೆಲವೇ ವರ್ಷಗಳಲ್ಲಿ ಚಾಂಪಿಯನ್ ಅನ್ನುವ ಚಿನ್ನದ ಪಟ್ಟಿ ಸಿಕ್ಕಿ, ಕೋಲಾರದ ಒಣನೆಲ ಲಂಡನ್ ಷೇರು ಮಾರುಕಟ್ಟೆಯ ಬಾಯಲ್ಲಿ ಓಡಾಡತೊಡಗಿತು.

ಚಿನ್ನದ ಕಥೆ ಇಲ್ಲಿಗೆ ಸಾಕು. ಸಿನಿಮಾ ಬಂದ ಮೇಲಂತೂ ಆ ಕಥೆ ಹೇಳೋರಿಗೆ ಬರವಿಲ್ಲ. ಸಿನಿಮಾದಲ್ಲಿ ನೀವು ನೋಡಿದ ಕೋಟೆ, ಗುಲಾಮರು, ಸುತ್ತಿಗೆ, ಇವಕ್ಕೂ ನಿಜವಾದ ಕೆಜಿಎಫ್‌ಗೂ ಸಂಬಂಧ ಅಷ್ಟಕ್ಕಷ್ಟೆ. ಅಲ್ಲಿಯ ಸೈನೈಡ್ ದಿಬ್ಬಗಳ ಮೇಲೆ ಶೂಟಿಂಗ್ ಆಗಿದ್ದು ಮಾತ್ರ ನಿಜ. ನನಗೆ ಬರೀಬೇಕು ಅನ್ನಿಸಿರೋದು ಅಲ್ಲಿಯ ಮನೆಗಳ ಬಗ್ಗೆ. ನಾನು ಬಂಗಾರಪೇಟೆ ಕಡೆಯ ಹಳ್ಳಿಯವನು. ನಮ್ಮ ಕಡೆ ದೊಡ್ಡವರು ಕೆಜಿಎಫ್ ಅನ್ನುತ್ತಿರಲಿಲ್ಲ, 'ಗಣಿ' ಅನ್ನುತ್ತಿದ್ದರು. ಗಣಿಗೆ ಹಾಲು ಹೋಗ್ತಿತ್ತು, ತರಕಾರಿ ಹೋಗ್ತಿತ್ತು, ಹುಣಸೆಹಣ್ಣು ಹೋಗ್ತಿತ್ತು. ಬರಗಾಲದ ವರ್ಷ ಮನುಷ್ಯರೂ ಹೋಗ್ತಿದ್ದರು.

ಮೊದಲು ಊರಿನ ನಕ್ಷೆ ನೋಡಿ. ಮೊಬೈಲಿನಲ್ಲಿ ಮ್ಯಾಪ್ ತೆಗೆದು ಬಂಗಾರಪೇಟೆಯಿಂದ ರೈಲು ಹಳಿ ಹಿಡಿದು ದಕ್ಷಿಣಕ್ಕೆ ಬನ್ನಿ. ಕೋರಮಂಡಲ್, ಬೆಮೆಲ್ ನಗರ, ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ. ಹದಿನಾರು ಕಿಲೋಮೀಟರಿನ ಒಂದು ತುಂಡು ಹಳಿ, 1890ರ ದಶಕದಲ್ಲಿ ಗಣಿಗೋಸ್ಕರ ಹಾಕಿದ್ದು. ನಮ್ಮ ಹಳ್ಳಿಗಳು ಹುಟ್ಟೋದು ಕೆರೆ ನೋಡಿಕೊಂಡು. ಕೆರೆ, ಕೆರೆಯ ಕೆಳಗೆ ಗದ್ದೆ, ಪಕ್ಕದಲ್ಲಿ ಗುಡಿ, ಗುಡಿಯ ಸುತ್ತ ಮನೆ. ಪೇಟೆಗಳು ಹುಟ್ಟೋದು ಸಂತೆ ನೋಡಿಕೊಂಡು. ಕೆಜಿಎಫ್‌ನಲ್ಲಿ ಇದ್ಯಾವುದೂ ಇಲ್ಲ. ನೆಲದಡಿಯಲ್ಲಿ ಚಿನ್ನದ ಕಲ್ಲು ಉತ್ತರದಿಂದ ದಕ್ಷಿಣಕ್ಕೆ ಒಂದು ಪಟ್ಟಿಯ ಹಾಗೆ ಮಲಗಿದೆ. ಅದರ ಮೇಲೆ ಸಾಲಾಗಿ ಬಾವಿಯಂಥ ಶಾಫ್ಟುಗಳು, ಶಾಫ್ಟಿನ ಸುತ್ತ ಮನೆಗಳು. ಮೈಸೂರು ಮೈನ್, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ, ಒಂದೊಂದು ಗಣಿಗೂ ಒಂದೊಂದು ಕಂಪನಿ, ಅದರದೇ ಬಂಗಲೆ, ಅದರದೇ ಕೂಲಿ ಸಾಲು. ಮೇಲಿನ ಊರಿನ ನಕ್ಷೆ ಬರೆದದ್ದು ಕೆಳಗಿನ ಕಲ್ಲು. 1891ರಲ್ಲಿ ಏಳು ಸಾವಿರ ಚಿಲ್ಲರೆ ಇದ್ದ ಜನಸಂಖ್ಯೆ 1901ಕ್ಕೆ 38 ಸಾವಿರ ದಾಟಿತ್ತು. ಹತ್ತು ವರ್ಷದಲ್ಲಿ ಐದು ಪಟ್ಟು. ನಮ್ಮ ಮಾರತಹಳ್ಳಿ, ವೈಟ್‌ಫೀಲ್ಡ್ ಬೆಳೆದಿದ್ದನ್ನು ಕಣ್ಣಾರೆ ಕಂಡವರಿಗೆ ಇದರ ರಭಸ ಅರ್ಥವಾಗುತ್ತೆ.

ಈಗ ಬಂಗಲೆಗಳಿಗೆ ಬರೋಣ. ವೀಕೆಂಡ್ ಟ್ರಿಪ್ಪಿಗೆ ಹೋದವರು ಫೋಟೋ ತೆಗೆಯೋದು ಇವನ್ನೇ. ಕೆಜಿಎಫ್‌ಗೆ 'ಪುಟ್ಟ ಇಂಗ್ಲೆಂಡ್' ಅನ್ನುವ ಅಡ್ಡಹೆಸರು ಬಂದಿದ್ದೂ ಇವುಗಳಿಂದಲೇ. ಮೊದಮೊದಲು ಬಂದ ಗಣಿ ಅಧಿಕಾರಿಗಳಲ್ಲಿ ಬಹಳಷ್ಟು ಜನ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯವರು, ತಲೆತಲಾಂತರದಿಂದ ತವರದ ಗಣಿ ತೋಡಿದವರು. ಗಣಿಯ ಮೇಲ್ವಿಚಾರಕನನ್ನು ಅವರು 'ಕ್ಯಾಪ್ಟನ್' ಅಂತ ಕರೆಯುತ್ತಿದ್ದರು, ಸೈನ್ಯಕ್ಕೂ ಅದಕ್ಕೂ ಸಂಬಂಧವಿಲ್ಲ. ಅಂಥವರಿಗೆ ಕಂಪನಿ ಕಟ್ಟಿಸಿಕೊಟ್ಟ ಮನೆ ಅಂದರೆ ದಪ್ಪ ಗೋಡೆ, ಎತ್ತರದ ಚಾವಣಿ, ಮುಂದೆ ಉದ್ದಕ್ಕೆ ವರಾಂಡ, ವರಾಂಡಕ್ಕೆ ಮರದ ಜಾಲರಿ. ಬಿಸಿಲು ಒಳಗೆ ಬರಬಾರದು, ಗಾಳಿ ಬರಬೇಕು, ಒಳಗಿದ್ದವರು ಹೊರಗಿನವರಿಗೆ ಕಾಣಬಾರದು, ಹೊರಗಿನವರು ಒಳಗಿದ್ದವರಿಗೆ ಕಾಣಬೇಕು. ಈ ನಾಲ್ಕೂ ಕೆಲಸ ಒಂದು ಜಾಲರಿ ಮಾಡುತ್ತೆ. ಕೋಲಾರದ ಬಿಸಿಲಿಗೆ ಫೈರ್‌ಪ್ಲೇಸ್ ಯಾಕೆ ಬೇಕಿತ್ತೋ ಆ ದೇವರಿಗೇ ಗೊತ್ತು, ಅದನ್ನೂ ಕಟ್ಟಿಸಿದ್ದಾರೆ. ಊರು ನೆನಪಾಗಲಿ ಅಂತ ಇರಬೇಕು. ಅಡಿಗೆಮನೆ ಹಿಂದೆ ಬೇರೆ, ಅದರ ಹಿಂದೆ ಆಳುಗಳ ಮನೆ ಬೇರೆ. ಸುತ್ತ ಎಕರೆಗಟ್ಟಲೆ ಕಾಂಪೌಂಡು, ಬೇಲಿ, ಹೂವಿನ ಗಿಡ. ಹತ್ತಿರದಲ್ಲೇ ಕ್ಲಬ್ಬು, ಗಾಲ್ಫ್ ಮೈದಾನ, ಚರ್ಚು.

ಬಂಗಲೆಯ ಒಂದು ಮೆಟ್ಟಿಲು ಕೆಳಗೆ ಆಂಗ್ಲೋ ಇಂಡಿಯನ್ನರ ಕ್ವಾರ್ಟರ್ಸು. ವರಾಂಡ ಇದೆ, ಆದರೆ ಚಿಕ್ಕದು. ತೋಟ ಇದೆ, ಆದರೆ ಪಕ್ಕದ ಮನೆಯವರ ಮಾತು ಕೇಳಿಸುತ್ತೆ. ಅದರ ಕೆಳಗೆ ಭಾರತೀಯ ಗುಮಾಸ್ತರ ಮನೆಗಳು. ಆಮೇಲೆ ಲೈನುಗಳು.

ಲೈನ್ ಅಂದರೆ ಕೂಲಿಗಳ ಸಾಲುಮನೆ. 'ಎಲ್ಲಿ ಮನೆ?' ಅಂದರೆ ಇವತ್ತಿಗೂ ಅಲ್ಲಿಯವರು ಇಂಥಾ ಲೈನು ಅಂತಾನೇ ಹೇಳೋದು. ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಬಂದ ತಮಿಳು, ತೆಲುಗು ಮಾತಾಡುವ ಜನ ಇಲ್ಲಿ ತುಂಬಿದರು. ನೆಲದಡಿಗೆ ಇಳಿದವರಲ್ಲಿ ದೊಡ್ಡ ಪಾಲು ದಲಿತರದ್ದು. ಊರಿನಲ್ಲಿ ಜಮೀನ್ದಾರನ ಹೊಲದಲ್ಲಿ ಜೀತ, ಇಲ್ಲಿ ಪಾತಾಳದಲ್ಲಿ ಕೂಲಿ. ಎರಡರಲ್ಲಿ ಪಾತಾಳವನ್ನೇ ಆರಿಸಿಕೊಂಡು ಬಂದರು ಅಂದರೆ ಊರು ಹೇಗಿತ್ತು ಅಂತ ನೀವೇ ಊಹಿಸಿ.

ಅವರಿಗೆ ಸಿಕ್ಕಿದ್ದು ತಟ್ಟಿ ಮನೆ. ಬಿದಿರನ್ನು ಸೀಳಿ ಹೆಣೆದ ತಟ್ಟಿಯೇ ಗೋಡೆ, ಮೇಲೆ ಹುಲ್ಲು. ಒಂದೇ ಕೋಣೆ. ಅದರಲ್ಲೇ ಒಲೆ, ಅದರಲ್ಲೇ ಹಾಸಿಗೆ, ಅದರಲ್ಲೇ ಬಾಣಂತಿ. ಬಗ್ಗಿ ಒಳಗೆ ಹೋಗಬೇಕು. ಎಡಗಡೆಯ ತಟ್ಟಿ ಎಡಗಡೆ ಮನೆಯವರದ್ದೂ ಹೌದು, ಬಲಗಡೆಯ ತಟ್ಟಿ ಬಲಗಡೆಯವರದ್ದೂ ಹೌದು. ಗಂಡಹೆಂಡಿರ ಜಗಳವೂ ಸಾರಿನ ಒಗ್ಗರಣೆಯೂ ಇಡೀ ಸಾಲಿಗೆ ಗೊತ್ತಾಗ್ತಿತ್ತು. ನೀರಿಗೆ ಬೀದಿ ನಲ್ಲಿ, ಶೌಚಕ್ಕೆ ಸಾಲಿಗೊಂದು ಸಾಮಾನ್ಯ ಕಕ್ಕಸು. ಇನ್ನೂ ಮುಖ್ಯವಾದ ಸಂಗತಿ ಅಂದರೆ ಮನೆ ಕಂಪನಿಯದ್ದು. ಕೆಲಸ ಇದ್ದರೆ ಮನೆ, ಕೆಲಸ ಹೋದರೆ ಮನೆಯೂ ಹೋಯ್ತು. ನಿಮ್ಮ ಲೇಆಫ್ ಮೇಲ್‌ನಲ್ಲಿ 'ಇವತ್ತು ಸಂಜೆಯೊಳಗೆ ಫ್ಲಾಟ್ ಖಾಲಿ ಮಾಡಿ' ಅಂತಲೂ ಒಂದು ಸಾಲು ಇದ್ದರೆ ಹೇಗಿರುತ್ತೆ ಯೋಚಿಸಿ.

ಜಗತ್ತಿನ ಅತಿ ಶ್ರೀಮಂತ ಗಣಿಗಳಲ್ಲಿ ಒಂದಾಗಿದ್ದ ಜಾಗದಲ್ಲಿ ಬಿದಿರಿನ ಮನೆ ಯಾಕೆ? ಬಡತನ ಇದಕ್ಕೆ ಉತ್ತರ ಅಲ್ಲ, ಲೆಕ್ಕಾಚಾರ. ಚಿನ್ನ ಎಷ್ಟು ದಿನ ಸಿಗುತ್ತೆ ಅಂತ ಯಾವ ಕ್ಯಾಪ್ಟನ್ನಿಗೂ ಗ್ಯಾರಂಟಿ ಇರಲಿಲ್ಲ. ನಾಳೆ ಮುಚ್ಚಬಹುದಾದ ಗಣಿಯ ಕೂಲಿಗೆ ಇಟ್ಟಿಗೆ ಗೋಡೆ ಯಾಕೆ ಅಂತ ಡೈರೆಕ್ಟರುಗಳಿಗೆ ಅನ್ನಿಸಿರಬೇಕು. ಆದರೆ ಅದೇ ಅನುಮಾನ ಬಂಗಲೆ ಕಟ್ಟುವಾಗ ಬರಲಿಲ್ಲ ನೋಡಿ. ತಾತ್ಕಾಲಿಕ ಅನ್ನುವ ಮಾತು ಯಾವಾಗಲೂ ಕೆಳಗಿನವರ ಮನೆಗೇ ಅನ್ವಯಿಸೋದು. ಆ ತಾತ್ಕಾಲಿಕ ಮನೆಗಳಲ್ಲಿ ಮೂರು ನಾಲ್ಕು ತಲೆಮಾರು ಹುಟ್ಟಿ ಸತ್ತವು. ಕಾಲಕಳೆದ ಹಾಗೆ ತಟ್ಟಿ ಹೋಗಿ ಗೋಡೆ ಬಂತು, ಹುಲ್ಲು ಹೋಗಿ ತಗಡು, ಶೀಟು ಬಂತು. ಅಳತೆ ಮಾತ್ರ ಹೆಚ್ಚುಕಡಿಮೆ ಅದೇ ಉಳಿಯಿತು.

1898ರ ಸುಮಾರಿಗೆ ಬೆಂಗಳೂರು, ಮೈಸೂರಿನ ಹಾಗೆ ಇಲ್ಲಿಗೂ ಪ್ಲೇಗ್ ಬಂತು. ಬೆಂಗಳೂರಿನಲ್ಲಿ ಅದರಿಂದ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಇಲ್ಲಿ ಗಣಿ ಪಟ್ಟಿಯಿಂದ ಸ್ವಲ್ಪ ಆಚೆಗೆ ನೇರ ಬೀದಿ, ಅಡ್ಡ ಬೀದಿ ಇಟ್ಟು ರಾಬರ್ಟ್‌ಸನ್‌ಪೇಟೆ ಎದ್ದಿತು. ಮೈಸೂರಿನ ರೆಸಿಡೆಂಟ್ ಆಗಿದ್ದ ಡೊನಾಲ್ಡ್ ರಾಬರ್ಟ್‌ಸನ್ನನ ಹೆಸರು ಅದಕ್ಕೆ. ಅಂಗಡಿ, ಮಾರ್ಕೆಟ್ಟು, ಸೇಟುಗಳು, ಶೆಟ್ಟರು ಎಲ್ಲ ಅಲ್ಲಿಗೆ ಬಂದರು. ನಕ್ಷೆಯಲ್ಲಿ ನೋಡಿದರೆ ಇಡೀ ಕೆಜಿಎಫ್‌ನಲ್ಲಿ ಊರಿನ ಹಾಗೆ ಕಾಣೋದು ರಾಬರ್ಟ್‌ಸನ್‌ಪೇಟೆ ಒಂದೇ.

ಕರೆಂಟಿನ ಕಥೆ ಎಲ್ಲರಿಗೂ ಹೆಮ್ಮೆಯದ್ದು, ನನಗೂ ಹೆಮ್ಮೆಯೇ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಯೋಜನೆ ಅದು. ಶಿವನಸಮುದ್ರದ ಹತ್ತಿರ ಕಾವೇರಿಯಿಂದ ವಿದ್ಯುತ್ ತಯಾರಿಸಿ, 147 ಕಿಲೋಮೀಟರ್ ತಂತಿ ಎಳೆದು, 1902ರ ಜೂನ್ ಕೊನೆಯಲ್ಲಿ ಕೆಜಿಎಫ್‌ಗೆ ಮುಟ್ಟಿಸಿದರು. ಆಗಿನ ಕಾಲಕ್ಕೆ ಪ್ರಪಂಚದಲ್ಲೇ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು ಇದಾಗಿ ಮೂರು ವರ್ಷಕ್ಕೆ, 1905ರ ಆಗಸ್ಟಿನಲ್ಲಿ. ಇಷ್ಟು ಎಲ್ಲರೂ ಹೇಳ್ತಾರೆ. ಆ 147 ಕಿಲೋಮೀಟರ್ ಉದ್ದಕ್ಕೂ ತಂತಿಯ ಕೆಳಗಿದ್ದ ಹಳ್ಳಿಗಳ ಕಥೆ ಯಾರೂ ಹೇಳಲ್ಲ. ನಮ್ಮ ಹಳ್ಳಿಗೆ ಕರೆಂಟ್ ಬಂದಿದ್ದು ನಮ್ಮಪ್ಪ ಹೈಸ್ಕೂಲಿಗೆ ಹೋಗುವ ಹೊತ್ತಿಗೆ. ಅಲ್ಲಿವರೆಗೆ ಸೀಮೆಎಣ್ಣೆ ಬುಡ್ಡಿ. ಗಣಿಯೊಳಗೂ ಇದೇ ಸರದಿ. ಮೊದಲು ಯಂತ್ರಗಳಿಗೆ, ಆಮೇಲೆ ಬಂಗಲೆಗಳಿಗೆ, ಲೈನಿನ ಒಳಕೋಣೆಗೆ ಎಲ್ಲಕ್ಕಿಂತ ಕೊನೆಗೆ.

ಬಂಗಲೆಗೂ ಲೈನಿಗೂ ಸಮನಾಗಿ ಬಂದಿದ್ದು ಒಂದೇ ಒಂದು, ನೆಲದ ನಡುಕ. ಆಳಕ್ಕೆ ಹೋದ ಹಾಗೆ ಬಂಡೆಯ ಮೇಲೆ ಒತ್ತಡ ಹೆಚ್ಚಿ, ಇದ್ದಕ್ಕಿದ್ದ ಹಾಗೆ ಅದು ಸಿಡಿಯುತ್ತೆ. ಎಂಜಿನಿಯರುಗಳು 'ರಾಕ್ ಬರ್ಸ್ಟ್' ಅಂದರು. ಚಾಂಪಿಯನ್ ರೀಫ್ ಗಣಿ ಕೊನೆಕೊನೆಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು, ಅಲ್ಲಿಯ ಬಂಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಅಂಥ ಕಡೆ ಬಂಡೆ ಸಿಡಿದರೆ ಮೇಲೆ ಪಾತ್ರೆಗಳು ಅಲುಗಾಡುತ್ತಿದ್ದವು, ಗೋಡೆ ಬಿರುಕು ಬಿಡುತ್ತಿತ್ತು. 1962ರಲ್ಲಿ ಚಾಂಪಿಯನ್ ರೀಫ್‌ನಲ್ಲಿ ಆದ ಸ್ಫೋಟಗಳ ಸರಣಿಯಲ್ಲಿ ಮೇಲಿನ ಕಟ್ಟಡಗಳೂ ಹಾಳಾದವು. ಮಾರಿಕುಪ್ಪಂ ಕಡೆಯ ಹುಡುಗನೊಬ್ಬ ಕೆಲವು ವರ್ಷ ನಮ್ಮ ಟೀಮಿನಲ್ಲಿದ್ದ. ಅವನ ಅಜ್ಜಿ ಹೇಳ್ತಿದ್ದರಂತೆ, ನೆಲ ಅದುರಿದ ತಕ್ಷಣ ಇಡೀ ಲೈನಿನ ಹೆಂಗಸರು ಒಲೆ ಮೇಲಿನ ಅನ್ನ ಹಾಗೇ ಬಿಟ್ಟು ಶಾಫ್ಟಿನ ಕಡೆ ಓಡುತ್ತಿದ್ದರು ಅಂತ. 'ಯಾರ ಗಂಡ ಯಾವ ಶಿಫ್ಟು ಅಂತ ಲೈನಿಗೆಲ್ಲಾ ಗೊತ್ತಿರ್ತಿತ್ತು ಕಣಪ್ಪಾ, ಮನೇಲಿ ಕೂತಿರೋಳನ್ನ ಕೂಗಿ ಕರ್ಕೊಂಡ್ ಹೋಗೋರು.' ಬಂಗಲೆಯ ದಪ್ಪ ಗೋಡೆಯಲ್ಲಿ ಆಗದ ಕೆಲಸ ಇದು. ತಟ್ಟಿಯ ಗೋಡೆಯಲ್ಲಿ ಸುದ್ದಿ ನಿಲ್ಲಲ್ಲ.

ನನ್ನ ಮಟ್ಟಿಗೆ ಈ ಊರಿನ ವಾಸ್ತುಶಿಲ್ಪದ ಅತಿ ದೊಡ್ಡ ಸಂಗತಿ ಅದೇ, ನಡುವಿನ ಗೋಡೆ. ಕಂಪನಿ ಅದನ್ನು ಖರ್ಚು ಉಳಿಸೋಕೆ ತೆಳ್ಳಗೆ ಕಟ್ಟಿತು. ಅದರಿಂದ ಆದದ್ದು ಕಂಪನಿಗೆ ಬೇಡವಾದದ್ದು. 1907ರಲ್ಲಿ ಮದರಾಸಿನಲ್ಲಿ ಅಯೋತಿ ದಾಸ ಪಂಡಿತರು ತಮಿಳು ವಾರಪತ್ರಿಕೆ ಶುರುಮಾಡಿ, ದಲಿತರು ಮೂಲದಲ್ಲಿ ಬೌದ್ಧರು ಅಂತ ವಾದ ಮಂಡಿಸಿದಾಗ, ಅದಕ್ಕೆ ಗಟ್ಟಿ ಬೆಂಬಲ ಸಿಕ್ಕಿದ್ದು ಕೆಜಿಎಫ್‌ನ ಲೈನುಗಳಲ್ಲಿ. ಮಾರಿಕುಪ್ಪಂನಲ್ಲಿ ಬೌದ್ಧ ಸಂಘದ ಶಾಖೆ ಎದ್ದಿತು. ಅಂಬೇಡ್ಕರ್ ಆಗಿನ್ನೂ ಹೈಸ್ಕೂಲು ಮುಗಿಸುತ್ತಿದ್ದ ಹುಡುಗ ಅನ್ನೋದನ್ನ ನೆನಪಿಟ್ಟುಕೊಳ್ಳಿ. ಪಂಡಿತರು ತೀರಿಕೊಂಡು ಪತ್ರಿಕೆ ನಿಂತಮೇಲೆ, 1920ರ ದಶಕದಲ್ಲಿ ಅಪ್ಪಾದುರೈ ಅವರು ಅದನ್ನು ಕೆಜಿಎಫ್‌ನಿಂದಲೇ ಮತ್ತೆ ಹೊರಡಿಸಿದರು. ಹಗಲು ಪಾತಾಳ, ರಾತ್ರಿ ಪತ್ರಿಕೆ. ಒಬ್ಬ ಓದಿದರೆ ಸಾಕು, ಅಕ್ಕಪಕ್ಕದ ಮನೆಗೆ ತಾನಾಗೇ ಕೇಳಿಸುತ್ತೆ.

1930ರಲ್ಲಿ ಕಂಪನಿ ಎಲ್ಲ ಕೂಲಿಗಳ ಬೆರಳಚ್ಚು ತೆಗೆದು ನೋಂದಣಿ ಮಾಡಬೇಕು ಅಂತ ಹೊರಟಿತು. ನಾವೀಗ ದಿನಕ್ಕೆ ನಾಲ್ಕು ಸಲ ಆಫೀಸಿನ ಬಾಗಿಲಲ್ಲಿ ಬೆರಳು ಒತ್ತುತ್ತೀವಿ, ಏನೂ ಅನ್ನಿಸಲ್ಲ. ಅವತ್ತಿನವರಿಗೆ ಅನ್ನಿಸಿತು. ಬೆರಳಚ್ಚು ಕೇಳೋದು ಕಳ್ಳರ ಹತ್ತಿರ, ನಾವೇನು ಕಳ್ಳರಾ? ಸುಮಾರು ಮೂರು ವಾರ ಗಣಿಗಳು ಸ್ತಬ್ಧ. ಇವರೇ ಮುಖಂಡರು ಅಂತ ಬೆರಳು ಮಾಡಿ ತೋರಿಸೋಕೆ ಯಾರೂ ಇರಲಿಲ್ಲ, ಗಟ್ಟಿಯಾದ ಯೂನಿಯನ್ ಕೂಡ ಇರಲಿಲ್ಲ. ಹಾಗಾದರೆ ಸಾವಿರಾರು ಜನ ಒಟ್ಟಿಗೆ ಮನೆಯಲ್ಲಿ ಕೂತದ್ದು ಹೇಗೆ? ಒಂದು ಲೈನಿನ ಎದುರು ಐದು ನಿಮಿಷ ನಿಂತರೆ ಉತ್ತರ ಸಿಗುತ್ತೆ ಅನ್ನೋದು ನನ್ನ ನಂಬಿಕೆ.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಕೇಂದ್ರದ ಕೈಗೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿ ಆಯಿತು. ಬಂಗಲೆಗಳಿಗೆ ನಮ್ಮ ಅಧಿಕಾರಿಗಳು ಬಂದರು. ನಡುವೆ ಒಂದು ವಿಚಿತ್ರ ಅತಿಥಿಯೂ ಬಂದುಹೋಯ್ತು. 1965ರಲ್ಲಿ ಚಾಂಪಿಯನ್ ರೀಫ್‌ನ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಟಾಟಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್, ಇಂಗ್ಲೆಂಡಿನವರ ಜೊತೆ ಸೇರಿ ವಾತಾವರಣದಿಂದ ಬರುವ ನ್ಯೂಟ್ರಿನೋ ಕಣಗಳ ಗುರುತು ಹಿಡಿದರು. ಜಗತ್ತಿನಲ್ಲಿ ಅಂಥ ಮೊದಲ ಪತ್ತೆಗಳಲ್ಲಿ ಅದೂ ಒಂದು. ಇತ್ತ ಚಿನ್ನ ತೆಳುವಾಗುತ್ತಾ ಬಂತು, ತೆಗೆಯುವ ಖರ್ಚು ಮಾರುವ ಬೆಲೆ ಮೀರಿತು. ಒಟ್ಟು ಸುಮಾರು 800 ಟನ್ ಚಿನ್ನ ಕೊಟ್ಟ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು.

ಮುಚ್ಚಿದ ಮೇಲೆ ಬಂಗಲೆಗಳಲ್ಲಿ ಇದ್ದವರು ಹೊರಟುಹೋದರು. ಅವರಿಗೆ ಹೋಗೋಕೆ ಬೇರೆ ಜಾಗ ಇತ್ತು. ಖಾಲಿ ಬಿದ್ದ ಮನೆಗಳ ಹೆಂಚು ಹೋಯ್ತು, ಬಾಗಿಲು ಕಿಟಕಿ ಹೋದವು, ಜಾಲರಿ ಸೌದೆಯಾಯ್ತು. ಲೈನಿನವರು ಅಲ್ಲೇ ಉಳಿದರು. ಬೆಳಗ್ಗೆ ಇನ್ನೂ ಕತ್ತಲಿರುವಾಗ ಮಾರಿಕುಪ್ಪಂನಿಂದ ಹೊರಡುವ ರೈಲು ಹತ್ತಿದರೆ ನಿಮಗೆ ಇಡೀ ಊರು ಸಿಗುತ್ತೆ. ಸ್ವರ್ಣ ಅಂತ ರೈಲಿಗೆ ಹೆಸರು ಇಟ್ಟವರಿಗೆ ಹಾಸ್ಯಪ್ರಜ್ಞೆ ಇತ್ತೋ ದುಃಖ ಇತ್ತೋ ಗೊತ್ತಾಗಲ್ಲ. ಕಾಲಿಡೋಕೆ ಜಾಗ ಇರಲ್ಲ. ಸೆಕ್ಯುರಿಟಿ ಕೆಲಸಕ್ಕೆ, ಹೌಸ್‌ಕೀಪಿಂಗ್‌ಗೆ, ಗಾರ್ಮೆಂಟ್ಸಿಗೆ, ಅಂಗಡಿಗೆ, ಕೋಡ್ ಬರೆಯೋಕೆ, ಎಲ್ಲದಕ್ಕೂ ಜನ ಹೋಗ್ತಾ ಇರ್ತಾರೆ. ಅವರ ಅಜ್ಜಂದಿರು ಪಂಜರದಂಥ ಲಿಫ್ಟಿನಲ್ಲಿ ಕೆಳಗೆ ಇಳೀತಿದ್ದರು, ಇವರು ಬೆಂಗಳೂರಿನಲ್ಲಿ ಗಾಜಿನ ಲಿಫ್ಟಿನಲ್ಲಿ ಮೇಲೆ ಹೋಗ್ತಾರೆ. ರಾತ್ರಿ ಮಲಗೋದಕ್ಕೆ ಅದೇ ಲೈನು.

ಕೆಜಿಎಫ್‌ನ ಪರಂಪರೆ ಉಳಿಸಬೇಕು ಅನ್ನುವ ಮಾತು ಬಂದಾಗೆಲ್ಲ ಪಟ್ಟಿಯಲ್ಲಿ ಬರೋದು ಬಂಗಲೆ, ಕ್ಲಬ್ಬು, ಚರ್ಚು, ಶಾಫ್ಟಿನ ಕಬ್ಬಿಣದ ಗೋಪುರ. ಉಳಿಯಲಿ, ಬೇಡ ಅನ್ನಲ್ಲ. ನನಗೂ ಆ ಜಾಲರಿ ಇಷ್ಟ. ಆದರೆ ಅವು ಈ ನೆಲದಲ್ಲಿ ಮಾತ್ರ ಇರುವಂಥವಲ್ಲ. ಅಂಥ ಬಂಗಲೆ ಬೆಂಗಳೂರಿನ ಕಂಟೋನ್ಮೆಂಟಿನಲ್ಲಿ ಇವೆ, ಊಟಿಯಲ್ಲಿ ಇವೆ, ಕಾಫಿ ಎಸ್ಟೇಟುಗಳಲ್ಲಿ ಇವೆ. ನೂರು ವರ್ಷಕ್ಕೂ ಮೀರಿ ಜನ ಬಾಳಿದ, ಇನ್ನೂ ಬಾಳುತ್ತಿರುವ, ಗಣಿ ಕೂಲಿಗಳ ಇಷ್ಟು ದೊಡ್ಡ ಸಾಲುಮನೆಗಳ ಊರು ನಮ್ಮ ಕಡೆ ಮತ್ತೆಲ್ಲಿದೆ? ಅಲ್ಲಿ ಇರುವವರಿಗೆ ಮಾತ್ರ ಪರಂಪರೆಗಿಂತ ಮೊದಲು ಬೇಕಾಗಿರೋದು ಕಾಗದ. ಮನೆ ಕಂಪನಿಯದ್ದು, ಕಂಪನಿ ಮುಚ್ಚಿದೆ, ಹಾಗಾದರೆ ಮನೆ ಯಾರದು? ಹಕ್ಕಿನ ಈ ಪ್ರಶ್ನೆ ಗಣಿ ಮುಚ್ಚಿದ ದಿನದಿಂದ ಲೈನುಗಳಲ್ಲಿ ಓಡಾಡುತ್ತಿದೆ. ಹಾಳುಬಿದ್ದ ಬಂಗಲೆಗೆ ಸಂರಕ್ಷಣೆ, ಜನ ಇರುವ ಲೈನಿಗೆ ತೆರವಿನ ಭಯ. ಇಂಥ ಸಂರಕ್ಷಣೆ ನನಗೆ ಒಪ್ಪಿಗೆಯಾಗಲ್ಲ.

ಲೈನುಗಳ ಬೆನ್ನಿಗೇ ಸೈನೈಡ್ ದಿಬ್ಬಗಳಿವೆ. ಕಲ್ಲು ಪುಡಿಮಾಡಿ, ಸೈನೈಡ್ ನೀರಿನಲ್ಲಿ ಚಿನ್ನ ತೆಗೆದು, ಉಳಿದ ಬೂದಿಬಣ್ಣದ ಹುಡಿಯನ್ನು ನೂರು ವರ್ಷ ಅಲ್ಲೇ ಸುರಿದದ್ದು. ಮೂರು ಕೋಟಿ ಟನ್ನಿಗೂ ಹೆಚ್ಚಿದೆ. ಬೇಸಿಗೆ ಗಾಳಿಗೆ ಅದು ಎದ್ದು ಅನ್ನದ ತಟ್ಟೆಗೂ ಒಣಹಾಕಿದ ಬಟ್ಟೆಗೂ ಬಂದು ಕೂರುತ್ತೆ. ಗಣಿಯಲ್ಲಿ ದುಡಿದವರ ಎದೆಯಲ್ಲಿ ಮೊದಲೇ ಸಿಲಿಕೋಸಿಸ್, ಮೇಲಿನಿಂದ ಇದು. ಆ ಹುಡಿಯಲ್ಲಿ ಇನ್ನೂ ಅಷ್ಟಿಷ್ಟು ಚಿನ್ನ ಉಳಿದಿದೆ ಅಂತ ಅದನ್ನು ಮತ್ತೆ ಸೋಸುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಹದಿಮೂರು ದಿಬ್ಬಗಳು. ಕೆಲಸ ಸಿಗುತ್ತೆ ಅಂತ ಕೆಲವರಿಗೆ ಆಸೆ, ಧೂಳು ಹೆಚ್ಚುತ್ತೆ ಅಂತ ಕೆಲವರಿಗೆ ದಿಗಿಲು.

ನೀವು ಹೋದರೆ ಬಂಗಲೆ ನೋಡಿಯಾದ ಮೇಲೆ ಲೈನುಗಳ ಬೀದಿಯಲ್ಲಿ ನಿಧಾನಕ್ಕೆ ನಡೀರಿ. ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ, ಅದು ಜನರ ಮನೆಯಂಗಳ. ಎಡಬಲದಲ್ಲಿ ಪಕ್ಕದವರ ಗೋಡೆ ಇರುವುದರಿಂದ ಮನೆ ಬೆಳೆಯೋಕೆ ಇದ್ದ ದಾರಿ ಮುಂದಕ್ಕೆ. ಹಾಗಾಗಿ ಪ್ರತಿ ಮನೆಯೂ ಬೀದಿಗೆ ನಾಲ್ಕಡಿ, ಆರಡಿ ಮುಂದೆ ಬಂದಿದೆ. ಒಬ್ಬರು ಶೀಟು ಹಾಕಿ ಅಡಿಗೆಮನೆ ಮಾಡಿದ್ದಾರೆ, ಒಬ್ಬರು ಗ್ರಿಲ್ ಹಾಕಿ ವರಾಂಡ ಮಾಡಿದ್ದಾರೆ, ಒಬ್ಬರು ಮಗಳ ಓದಿಗೆ ಪ್ಲೈವುಡ್ಡಿನ ಕೋಣೆ ಮಾಡಿದ್ದಾರೆ. ಒಂದು ಬಾಗಿಲ ಮೇಲೆ ಶಿಲುಬೆ, ಮುಂದಿನದ್ದರ ಮೇಲೆ ಮುರುಗನ್, ಅದರ ಮುಂದಿನದ್ದರ ಮೇಲೆ ನೀಲಿ ಕೋಟಿನ ಅಂಬೇಡ್ಕರ್. ಬಣ್ಣ ಒಂದು ಮನೆಗೆ ಗಿಳಿಹಸಿರು, ಪಕ್ಕದ್ದಕ್ಕೆ ಗುಲಾಬಿ. ಎರಡು ಬಣ್ಣ ಸೇರುವ ಗೆರೆ ಇದೆಯಲ್ಲ, ಹಳೆಯ ತಟ್ಟಿ ನಿಂತಿದ್ದದ್ದು ಅಲ್ಲೇ. ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಹೆಜ್ಜೆ ಹಾಕಿ ಎಣಿಸಿ ನೋಡಿ, ಕಂಪನಿ ಕೊಟ್ಟ ಅಳತೆ ಎಷ್ಟಿತ್ತು ಅಂತ ಗೊತ್ತಾಗುತ್ತೆ.